ರೂಟರ್ ಕೆಟ್ಟರೂ ಕೆಲಸ ನಿಲ್ಲದಿರಲಿ

ಪ್ರಶ್ನೆ: ತಿಕೋಟಾದಲ್ಲಿ ನಮ್ಮ ಒಣದ್ರಾಕ್ಷಿ ವ್ಯಾಪಾರದ ಕಚೇರಿ ಇದೆ, ಬಬಲೇಶ್ವರ, ವಿಜಯಪುರದಲ್ಲಿ ಶಾಖೆಗಳಿವೆ. ರೂಟರ್ ಕೆಟ್ಟರೆ ಬಿಲ್ಲಿಂಗ್ ನಿಲ್ಲುತ್ತದೆ. ಇನ್ನೊಂದು ತಂದಿಟ್ಟರೆ ಸಾಕೇ?

ಉತ್ತರ: ತಂದಿಟ್ಟರಷ್ಟೇ ಸಾಲದು. ವಿಆರ್‌ಆರ್‌ಪಿ (ಒಂದು ರೂಟರ್ ಕೆಟ್ಟರೆ ಇನ್ನೊಂದು ತಾನೇ ಅದರ ಜಾಗಕ್ಕೆ ಬರುವ ವ್ಯವಸ್ಥೆ) ಸೌಲಭ್ಯವಿರುವ ಎರಡು ರೂಟರ್ ಹಾಕಿ, ಎರಡಕ್ಕೂ ಸೇರಿ ಒಂದೇ ಗೇಟ್‌ವೇ ವಿಳಾಸ ಕೊಡಿ. ಮುಖ್ಯ ರೂಟರಿಗೆ ಆದ್ಯತೆ 120, ಇನ್ನೊಂದಕ್ಕೆ 100 ಇರಲಿ. ಮುಖ್ಯ ರೂಟರ್ ಸೆಕೆಂಡಿಗೊಮ್ಮೆ ಕಳಿಸುವ ಸಂದೇಶ ನಿಂತರೆ, ಮೂರ್ನಾಲ್ಕು ಸೆಕೆಂಡಿನಲ್ಲಿ ಇನ್ನೊಂದು ಹೊಣೆ ಹೊರುತ್ತದೆ.

ಆದರೆ ಎರಡೂ ರೂಟರ್ ಒಂದೇ ಫೈಬರ್ ನೆಚ್ಚಿಕೊಂಡಿದ್ದರೆ, ರಸ್ತೆ ಅಗೆಯುವಾಗ ಕೇಬಲ್ ತುಂಡಾದರೆ ಎರಡೂ ವ್ಯರ್ಥ. ಎರಡನೆಯದಕ್ಕೆ ಬೇರೆ ಕಂಪನಿಯ 4ಜಿ ಸಿಮ್ ಹಾಕಿ. ಫೈಬರ್ ಹೋದಾಗ ಮುಖ್ಯ ರೂಟರಿನ ಆದ್ಯತೆ ಎರಡನೆಯದಕ್ಕಿಂತ ಕೆಳಗೆ ತಾನೇ ಇಳಿಯುವಂತೆ ಹೊಂದಿಸಿ. ಎರಡಕ್ಕೂ ಯುಪಿಎಸ್ ಇರಲಿ. ಮೂರೂ ಊರಿನಲ್ಲಿ ತಿಂಗಳಿಗೊಮ್ಮೆ ಮುಖ್ಯ ರೂಟರಿನ ಪ್ಲಗ್ ಕಿತ್ತು ತಪ್ಪದೇ ಪರೀಕ್ಷಿಸಿ.