ಗ್ಯಾಸ್ ಗೀಸರ್ ಸೋರಿದಾಗ

ಅಡಿಕೆ ಸಿಪ್ಪೆಯನ್ನೂ ಒಣಗಿದ ಕುಂಟೆಗಳನ್ನೂ ಒಟ್ಟಿ ಹಂಡೆಯ ನೀರು ಕಾಯಿಸುತ್ತಿದ್ದ ನಮ್ಮ ಬಚ್ಚಲುಮನೆಗಳಿಗೆ ಈಗ ಗ್ಯಾಸ್ ಗೀಸರ್ ಬಂದಿದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಕೈಕೊಡುವ ನಮ್ಮ ಕಡೆಗೆ ಒಗ್ಗುವ ಸಾಧನವೇ ಸರಿ. ಕಿಡಿ ಹೊತ್ತಿಸಲು ಎರಡು ಬ್ಯಾಟರಿ ಸೆಲ್ಲು ಸಾಕು. ಆದರೆ ಹಂಡೆ ಸೋರಿದರೆ ಒಲೆ ಆರುತ್ತಿತ್ತು, ಅಷ್ಟೆ. ಗೀಸರಿನಲ್ಲಿ ನೀರು, ಅನಿಲ, ಬೆಂಕಿ ಮೂರೂ ಒಂದೇ ಪೆಟ್ಟಿಗೆಯೊಳಗಿವೆ. ಸೋರುತ್ತಿರುವುದು ಯಾವುದೆಂದು ಗೊತ್ತುಮಾಡಿಕೊಳ್ಳದೆ ಸ್ಪ್ಯಾನರ್ ಹಿಡಿಯತಕ್ಕದ್ದಲ್ಲ.

ಮೊದಲು ವಾಸನೆ ನೋಡಬೇಕು. ಅಡುಗೆ ಅನಿಲಕ್ಕೆ ಸ್ವತಃ ವಾಸನೆಯಿಲ್ಲ; ಸೋರಿದ್ದು ತಿಳಿಯಲೆಂದೇ ಕೆಟ್ಟ ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಅನಿಲವು ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ, ಬಚ್ಚಲ ಮೋರಿಯಲ್ಲಿ ತಂಗುತ್ತದೆ. ವಾಸನೆ ಬಂದರೆ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬನ್ನಿ. ದೀಪದ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಅನಿಲ ಸೋರಿಕೆಗೆಂದೇ ಇರುವ 1906 ಸಂಖ್ಯೆಗೆ ಹೊರಗಿನಿಂದ ಕರೆ ಮಾಡಿ. ಕಡ್ಡಿ ಗೀರಿ ಸೋರಿಕೆ ಹುಡುಕುವವರನ್ನು ನಾವು ಕಂಡಿದ್ದೇವೆ, ಅದಕ್ಕಿಂತ ಮೂರ್ಖತನವಿಲ್ಲ. ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ತಾನೇ ಹೇಳುತ್ತದೆ. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ನಿಯಮವಾದರೂ, ಇಲಿಕಾಟದ ನಮ್ಮ ಮನೆಗಳಲ್ಲಿ ಅಷ್ಟು ಕಾಯದೆ ಆಗಾಗ ನೋಡುತ್ತಿರುವುದು ಒಳಿತು.

ವಾಸನೆಯಿಲ್ಲದೆ ನೀರು ಮಾತ್ರ ತೊಟ್ಟಿಕ್ಕುತ್ತಿದ್ದರೆ ಗಾಬರಿ ಬೇಡ. ಗ್ಯಾಸ್ ಮುಚ್ಚಿ, ಸೆಲ್ಲುಗಳನ್ನು ತೆಗೆದು, ಒಣ ಬಟ್ಟೆಯಿಂದ ಎಲ್ಲ ಒರೆಸಿ, ನೀರನ್ನು ಮಾತ್ರ ಬಿಟ್ಟು, ಮೊದಲ ಹನಿ ಎಲ್ಲಿ ಕಾಣುತ್ತದೆಂದು ಟಾರ್ಚ್ ಹಿಡಿದು ನೋಡಿ. ಹನಿ ಬೀಳುವ ಜಾಗವೇ ಸೋರುವ ಜಾಗವೆಂದು ತಿಳಿಯಬಾರದು. ಚಳಿಯ ಬೆಳಿಗ್ಗೆ ಉರಿ ಹತ್ತಿದ ಕೆಲವು ನಿಮಿಷ ಮಾತ್ರ ಹನಿದು ನಿಂತರೆ, ಅದು ತಣ್ಣನೆಯ ತಾಮ್ರಕ್ಕೆ ಬಿಸಿ ಹಬೆ ತಗಲಿ ಮೂಡಿದ ಬೆವರು. ನೀರು ಒಳಬರುವ ಜೋಡಣೆಯಲ್ಲಿ ಜಿನುಗಿದರೆ ವಾಷರ್ ಬದಲಿಸಿದರಾಯಿತು.

ಪೆಟ್ಟಿಗೆಯ ನಡುಭಾಗದಿಂದ ಸೋರುವುದು ಬೇರೆ ಮಾತು. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ಹೀಗಾಯಿತು. ರಿಪೇರಿಗೆ ಬಂದವರು ಜೋಡಣೆಯನ್ನು ಮತ್ತಷ್ಟು ಬಿಗಿದು ಹೋದರು, ಸೋರುವುದು ನಿಲ್ಲಲಿಲ್ಲ. ಇನ್ನೊಬ್ಬರಿಂದ ಬಿಚ್ಚಿಸಿ ನೋಡಿದಾಗ ವಿಷಯ ತಿಳಿಯಿತು. ನೀರು ಬಂದೊಡನೆ ಅದರ ಒತ್ತಡ ಒಂದು ರಬ್ಬರ್ ಪರದೆಯನ್ನು ನೂಕುತ್ತದೆ. ಪರದೆ ಒಂದು ಕಡ್ಡಿಯನ್ನು ನೂಕುತ್ತದೆ. ಕಡ್ಡಿ ಗ್ಯಾಸಿನ ದಾರಿ ತೆರೆಯುತ್ತದೆ. ಕಡ್ಡಿ ಹೊರಬರುವ ತೂತಿನ ರಬ್ಬರ್ ಬಳೆ ಸವೆದಿತ್ತು. ಬೋರ್ಡೋ ಪಂಪಿನ ವಾಷರ್ ಸವೆದಾಗ ದ್ರಾವಣ ಜಿನುಗುವುದಿಲ್ಲವೆ, ಹಾಗೆಯೇ. ಸವೆಯಿಸಿದ್ದು ಗುಡ್ಡದ ಅಬ್ಬಿಯಿಂದ ಬಂದ ನುಣ್ಣನೆಯ ಮರಳು. ದಂಬೆಯ ಕಾಲದಲ್ಲಿ ಕಸ ಕಣ್ಣಿಗೆ ಕಾಣುತ್ತಿತ್ತು, ಪೈಪಿನಲ್ಲಿ ಕಾಣುವುದಿಲ್ಲ. ನೀರು ಒಳಬರುವಲ್ಲಿರುವ ಜಾಲರಿಯನ್ನು ನಾವು ಒಮ್ಮೆಯೂ ತೊಳೆದಿರಲಿಲ್ಲ. ಈ ಕಡ್ಡಿ ಅಂಟಿಕೊಂಡರೆ ನೀರು ನಿಂತ ಮೇಲೂ ಗ್ಯಾಸಿನ ದಾರಿ ತೆರೆದೇ ಉಳಿಯಬಹುದು. ಆದ್ದರಿಂದ ಜಾಲರಿ ತೊಳೆಯುವುದು ನಿಮ್ಮ ಕೆಲಸ, ಬಳೆ ಬದಲಿಸುವುದು ಬಲ್ಲವರ ಕೆಲಸ. ಅದೇ ಕಂಪನಿಯ ಅದೇ ಮಾದರಿಯ ಬಳೆಯನ್ನೇ ಹಾಕಿಸಬೇಕು.

ಮೇಲ್ಭಾಗದ ತಾಮ್ರದ ಸುರುಳಿಯಲ್ಲಿ ಮೈಲುತುತ್ತದಂಥ ನೀಲಿ-ಹಸಿರು ಕಲೆಯಿದ್ದರೆ ಅಲ್ಲಿ ಸೂಜಿಮೊನೆಯಷ್ಟು ತೂತಾಗಿರಬಹುದು. ಅಲ್ಲಿಂದ ಬೀಳುವ ಹನಿ ಬರ್ನರನ್ನು ಕೆಡಿಸುತ್ತದೆ. ನೀಲಿಯಾಗಿ ಉರಿಯಬೇಕಾದ ಜ್ವಾಲೆ ಹಳದಿಯಾಗಿ ಮಸಿ ಕಟ್ಟುತ್ತದೆ; ಮಸಿಯಿಂದ ಹೊಗೆಯ ದಾರಿ ಮುಚ್ಚುತ್ತದೆ. ಆಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದೊಡನೆ ಹೊರಗೆ ಬರಬೇಕು, ಏಕೆಂದರೆ ಸ್ವಲ್ಪ ಹೊತ್ತಿನಲ್ಲಿ ಏಳಲು ಶಕ್ತಿಯೇ ಇರುವುದಿಲ್ಲ. ಸ್ನಾನಕ್ಕೆ ಹೋದವರು ಕರೆದರೂ ಓಗೊಡದಿದ್ದರೆ ಬಾಗಿಲು ಮುರಿದಾದರೂ ಅವರನ್ನು ಹೊರಗಾಳಿಗೆ ತಂದು 108ಕ್ಕೆ ಕರೆ ಮಾಡಬೇಕು. ಗೀಸರ್ ಸುಸ್ಥಿತಿಯಲ್ಲಿದ್ದರೂ, ಚಳಿಯೆಂದು ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಈ ಅಪಾಯ ತಪ್ಪಿದ್ದಲ್ಲ.

ಗೀಸರನ್ನು ಬಚ್ಚಲಿನ ಹೊರಗೋಡೆಗೆ, ಇರಚಲು ಬಡಿಯದಂತೆ ಸೂರಿನಡಿ, ಗಾಳಿಯಾಡುವಲ್ಲಿ ಕೂಡಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದುಕೊಳ್ಳಿ. ಈಗಾಗಲೇ ಒಳಗಿದ್ದರೆ, ಹೊರಗೆ ಹಾಕಿಸುವವರೆಗೆ ಕಿಟಕಿ ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳಿಗೆ ಚಿಲಕ ಹಾಕಿಕೊಳ್ಳದಂತೆ ಹೇಳಿ.