ಲಿಲಾವಿಗೆ ಬಂದ ಗದ್ದೆಯೂ ಮನಸ್ಸಾಕ್ಷಿಯೂ

ಪಾಠಭಾಗ: ಅಪೊಸ್ತಲರ ಕೃತ್ಯಗಳು 5:17-42, ರೋಮಾಪುರದವರಿಗೆ 13:1-7, 1 ಅರಸುಗಳು 18:1-16 ಮತ್ತು 21ನೆಯ ಅಧ್ಯಾಯ.



ಮನುಷ್ಯರ ಅಪ್ಪಣೆಯೂ ದೇವರ ಅಪ್ಪಣೆಯೂ ಒಂದಕ್ಕೊಂದು ಎದುರಾದಾಗ ದೇವರ ಕಡೆಗೇ ನಿಲ್ಲಬೇಕೆಂದು ಪೇತ್ರನು ಹಿರೀಸಭೆಯ ಮುಂದೆ ಸಾಕ್ಷಿ ಹೇಳಿದನು. ಅಧಿಕಾರಿಗಳಿಗೆ ಅಧೀನರಾಗಿ ಕಂದಾಯವನ್ನು ಸಲ್ಲಿಸಬೇಕೆಂದು ಪೌಲನು ಬೋಧಿಸಿದನು. ಎರಡೂ ದೇವರ ವಾಕ್ಯವೇ. ಹೀಗಿರಲಾಗಿ ಇವೆರಡರ ನಡುವೆ ಸಿಕ್ಕಿದ ವಿಶ್ವಾಸಿಯು ಏನು ಮಾಡತಕ್ಕದ್ದು? ಇದನ್ನು ನಮ್ಮ ಸೀಮೆಯಲ್ಲಿ ನಡೆದ ಒಂದು ಸಂಗತಿಯಿಂದ ವಿಚಾರಿಸೋಣ.

ಸಂಗತಿ

ಕಾರವಾರವು ಮುಖ್ಯಸ್ಥಳವಾಗಿರುವ ನಮ್ಮ ಜಿಲ್ಲೆಯು ಆಗ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. 1930ನೇ ಇಸವಿಯ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನರು ಉಪ್ಪಿನ ಕಾಯಿದೆಯನ್ನು ಮುರಿದರು. ಆ ದಿನವು ಕ್ರೈಸ್ತಸಭೆಗಳಿಗೆ ಗರಿಗಳ ಆದಿತ್ಯವಾರವಾಗಿತ್ತು. ತರುವಾಯ ಅಂಕೋಲಾ, ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯವನ್ನು ಕೊಡುವದಿಲ್ಲವೆಂದು ನಿಂತರು. ಸರಕಾರವು ಅವರ ಸೊತ್ತನ್ನೂ ಜಮೀನನ್ನೂ ಜಪ್ತಿಮಾಡಿ ಲಿಲಾವಿಗೆ ಹಾಕಿತು. 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿಯೂ, ಬೇರೆಯವರಿಗೆ ಮಾರಿಹೋದ ಜಮೀನಿನ ವಿಕ್ರಯವು ಸ್ಥಿರವೆಂದೇ ಆಯಿತು. 1932ರಲ್ಲಿ ಚಳವಳಿಯು ಮತ್ತೆ ನಡೆದಾಗ ಸಿದ್ದಾಪುರ ಸೀಮೆಯ ಹೆಂಗಸರು ಜಪ್ತಿಯ ಸೊತ್ತನ್ನು ಕೊಂಡವರ ಬಾಗಿಲಲ್ಲಿ ಉಪವಾಸ ಕೂತರು. ಕೊನೆಗೆ 1937ರಲ್ಲಿ ಖೇರ್ ಅವರ ಮಂತ್ರಿಮಂಡಲವು ಬಂದ ಮೇಲೆ ಜಮೀನುಗಳನ್ನು ಮೊದಲಿನ ಒಡೆಯರಿಗೆ ಹಿಂದಿರುಗಿಸುವದಕ್ಕೆ ಕಾನೂನಾಯಿತು.

ಈ ಸಂಗತಿಯಲ್ಲಿ ಮೂರು ತರದವರ ಮನಸ್ಸಾಕ್ಷಿಯು ಪರೀಕ್ಷೆಗೆ ಬಂತು.

1. ಕೊಡೆನೆಂದವನು. ಕಂದಾಯ ಕೊಡುವದು ಸರಿಯೋ, ಕೊಡದಿರುವದು ಸರಿಯೋ ಎಂಬ ವಿಷಯದಲ್ಲಿ ದೇವಭಕ್ತರಲ್ಲಿಯೂ ಭೇದವಿದ್ದೀತು. ಆದರೆ ಆ ರೈತರು ಗುಟ್ಟಾಗಿ ತಪ್ಪಿಸಿಕೊಳ್ಳಲಿಲ್ಲ. ಬಹಿರಂಗವಾಗಿ ನಿರಾಕರಿಸಿ, ಅದರ ಬೆಲೆಯನ್ನು ತಮ್ಮ ಗದ್ದೆಯಿಂದಲೇ ತೆತ್ತರು. ದಾನಿಯೇಲನೂ ಕಿಟಕಿಯನ್ನು ಮುಚ್ಚಿಕೊಂಡು ಪ್ರಾರ್ಥಿಸಲಿಲ್ಲ. ಶಾನಭೋಗನ ಮುಂದೆ ಸುಳ್ಳು ಲೆಕ್ಕ ಬರೆಯಿಸಿ ಹಣ ಉಳಿಸಿಕೊಳ್ಳುವವನು ಮನಸ್ಸಾಕ್ಷಿಯ ಹೆಸರನ್ನು ಎತ್ತಬಾರದು. ತನಗೆ ನಷ್ಟ ಬಂದರೂ ಬಿಡದಿರುವದೇ ಮನಸ್ಸಾಕ್ಷಿ. ಲಾಭಕ್ಕಾಗಿ ಅಡಗಿಕೊಳ್ಳುವದು ದುರಾಶೆ.

2. ಅಪ್ಪಣೆಯನ್ನು ನಡಿಸಬೇಕಾದವನು. ಜಪ್ತಿಗೆ ಹೋದ ಪೇದೆಯೂ ಗುಮಾಸ್ತನೂ ಅದೇ ಸೀಮೆಯ ಅನ್ನ ಉಂಡವರು. ಅಹಾಬನ ಮನೆವಾರ್ತೆಯನ್ನು ನೋಡುತ್ತಿದ್ದ ಓಬದ್ಯನನ್ನು ನೆನೆಯಿರಿ. ಅವನು ದುಷ್ಟ ಅರಸನ ಚಾಕರಿಯಲ್ಲಿದ್ದರೂ ನೂರು ಮಂದಿ ಪ್ರವಾದಿಗಳನ್ನು ಗವಿಗಳಲ್ಲಿ ಅಡಗಿಸಿ ಸಾಕಿದನು. ಚಾಕರಿಯಲ್ಲಿರುವದು ತಾನೇ ಪಾಪವಲ್ಲ; ಆದರೆ ಅಪ್ಪಣೆಗಿಂತ ಹೆಚ್ಚಾಗಿ ಕಠಿಣನಾಗುವದು, ಲಂಚಕ್ಕೆ ಕೈಯೊಡ್ಡುವದು ಪಾಪವೇ. ಪಾಪವನ್ನೇ ಮಾಡೆಂದು ಅಪ್ಪಣೆಯಾದರೆ ಚಾಕರಿಯನ್ನು ಬಿಡುವದೇ ವಿಧೇಯತ್ವ.

3. ಕೊಳ್ಳುವದಕ್ಕೆ ಬಂದವನು. ಇವನ ಪರೀಕ್ಷೆಯೇ ಎಲ್ಲಕ್ಕಿಂತ ಸೂಕ್ಷ್ಮ. ಅವನು ಯಾವ ಕಾಯಿದೆಯನ್ನೂ ಮುರಿಯಲಿಲ್ಲ. ಹಣ ಕೊಟ್ಟನು, ಕಾಗದ ಪಡೆದನು. ನಾಬೋತನ ತೋಟಕ್ಕೆ ಇಳಿದ ಅಹಾಬನೂ ತನ್ನ ಕೈಯಿಂದ ಕಲ್ಲೆಸೆಯಲಿಲ್ಲ. ಎಲ್ಲವೂ ಮುದ್ರೆಯೊತ್ತಿದ ಪತ್ರಗಳಿಂದಲೇ ನಡೆಯಿತು. ಆದರೂ ಎಲೀಯನು ಅವನನ್ನು ಅದೇ ತೋಟದಲ್ಲಿ ಎದುರುಗೊಂಡನು. ನಾಬೋತನ ಕೊಲೆಗೂ ರೈತರ ಜಪ್ತಿಗೂ ಪೂರಾ ಹೋಲಿಕೆಯಿಲ್ಲ. ಆದರೆ ಮುದ್ರೆಯಿದ್ದ ಮಾತ್ರಕ್ಕೆ ದೇವರ ವಿಚಾರಣೆ ಮುಗಿಯದೆಂಬ ಪಾಠವು ಎರಡರಲ್ಲಿಯೂ ಒಂದೇ.

ತಲೆತಲಾಂತರದಿಂದ ಪರರ ಗದ್ದೆಯಲ್ಲಿ ಕೂಲಿಮಾಡಿದ ಬಡವನಿಗೆ ಅಗ್ಗದ ಬೆಲೆಗೆ ಗದ್ದೆ ಸಿಕ್ಕುವದಾದರೆ ಅದು ಎಷ್ಟು ದೊಡ್ಡ ಶೋಧನೆ! ತನ್ನ ಮಕ್ಕಳು ಒಂದು ದಿನವಾದರೂ ಸ್ವಂತ ಭತ್ತದ ಗಂಜಿ ಕುಡಿಯಲೆಂಬ ಆಶೆಯನ್ನು ನಾವು ಹಗುರವಾಗಿ ಖಂಡಿಸಲಾರೆವು. ಆದರೆ ಆ ಭತ್ತವನ್ನು ಕುಯ್ಯುವಾಗ ಬೇಲಿಯಾಚೆ ನಿಂತಿರುವ ನೆರೆಯವನ ಮಕ್ಕಳ ಮುಖವನ್ನು ನೋಡಬೇಕಾಗುವದಲ್ಲವೋ? ಯಾಜಕಕಾಂಡ 25ನೆಯ ಅಧ್ಯಾಯವು ಬೇರೆ ದಾರಿಯನ್ನು ತೋರಿಸುತ್ತದೆ: ಬಡವಾದ ಸಹೋದರನ ಭೂಮಿಯನ್ನು ಬಂಧುವು ಬಿಡಿಸಿಕೊಡಲಿ. ಕೊಳ್ಳುವದಾದರೆ ಅವನಿಗಾಗಿ ಕೊಂಡು, ಕೊಟ್ಟ ಹಣವನ್ನು ಮಾತ್ರ ಪಡೆದು ಹಿಂದಿರುಗಿಸು. ಅದಾಗದಿದ್ದರೆ ಲಿಲಾವಿನಲ್ಲಿ ಕೂಗಬೇಡ.

ನಮಗಿರುವ ಅನ್ವಯ

ಆ ಚಳವಳಿಯು ಮುಗಿಯಿತು, ಆ ಸರಕಾರವೂ ಹೋಯಿತು. ಆದರೆ ಸಾಲದ ಬಾಕಿಗಾಗಿ ನೆರೆಯವನ ಮನೆಯೂ ಗದ್ದೆಯೂ ಒಡವೆಯೂ ಇಂದಿಗೂ ಲಿಲಾವಿಗೆ ಬರುತ್ತವೆ. ಮನಸ್ಸು ಹೊಯ್ದಾಡುವಾಗ ಈ ಮೂರನ್ನು ಕೇಳಿಕೊಳ್ಳಿರಿ. ಈ ಲಾಭವು ಯಾರ ಕಣ್ಣೀರಿನಿಂದ ಬರುತ್ತದೆ? ಇದನ್ನು ಸಭೆಯ ಮುಂದೆ ಬಾಯಿಬಿಟ್ಟು ಹೇಳಿ ಪ್ರಾರ್ಥಿಸಬಲ್ಲೆನೋ? ಇದರಿಂದ ನನಗೆ ನಷ್ಟವೇ ಆದರೂ ಇದೇ ಸರಿಯೆನ್ನುವೆನೋ?

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಓಬದ್ಯನು ಅರಮನೆಯನ್ನು ಬಿಟ್ಟುಹೋಗಿದ್ದರೆ ಆ ನೂರು ಮಂದಿಯ ಗತಿ ಏನಾಗುತ್ತಿತ್ತು? ಅವನು ಎಂದು ಬಿಡಬೇಕಾಗುತ್ತಿತ್ತು?
2. ಕಾಯಿದೆಯು ಅನುಮತಿಸಿದರೂ ವಿಶ್ವಾಸಿಯು ಮಾಡಬಾರದ ಕಾರ್ಯಗಳು ನಮ್ಮ ಊರಲ್ಲಿ ಯಾವವು?
3. ನಮ್ಮಲ್ಲಿ ಯಾರ ಸೊತ್ತಾದರೂ ಲಿಲಾವಿಗೆ ಬರುವಂತಿದ್ದರೆ, ಅದನ್ನು ಬಿಡಿಸುವದಕ್ಕೆ ಸಭೆಯು ಕೂಡಿ ಏನು ಮಾಡಬಲ್ಲದು?

ಮೂರನೆಯ ಪ್ರಶ್ನೆಗೆ ಬಾಯಿಂದ ಮಾತ್ರವಲ್ಲ, ಕೈಯಿಂದಲೂ ಉತ್ತರ ಕೊಡುವ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.