ನಿಂತ ಕಾರಿನಲ್ಲಿ ಓಡುವ ಎಂಜಿನ್

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಲ್ಲಿ ಒಂದು ಪೆಟ್ರೋಲ್ ಕಾರು ಮರದ ನೆರಳಿನಲ್ಲಿ ನಿಂತಿದೆಯೆಂದು ಭಾವಿಸೋಣ. ಅದು ಹೊರಟಿರುವುದು ಸಂಗಮಕ್ಕೆ, ಎಂದರೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸ್ಥಳಕ್ಕೆ. ಗೇರು ನ್ಯೂಟ್ರಲ್‌ನಲ್ಲಿದೆ, ಚಾಲಕನ ಕಾಲು ಆಕ್ಸಿಲರೇಟರಿನ ಮೇಲಿಲ್ಲ. ಆದರೂ ಮಿನಿಟಿಗೆ 800 ಸುತ್ತು ತಿರುಗಬೇಕಾದ ಎಂಜಿನ್ 1600 ಸುತ್ತು ತಿರುಗುತ್ತ ಭೋರ್ಗರೆಯುತ್ತಿದೆ. “ಸ್ಕ್ರೂ ಸ್ವಲ್ಪ ಸಡಿಲಿಸಿದರೆ ಸಾಕು” ಎಂದು ಯಾರಾದರೂ ಸಲಹೆ ಕೊಡುವುದು ಸಹಜ. ಆದರೆ ಮುಂದಿರುವುದು ನದಿಯ ಕಣಿವೆಗೆ ಇಳಿಯುವ ದಾರಿ. ಸ್ಕ್ರೂವನ್ನು ಮುಟ್ಟುವ ಮುನ್ನ ಕಾರಣವನ್ನು ವಿಚಾರಿಸುವುದು ಒಳ್ಳೆಯದು.

ಪೆಟ್ರೋಲ್ ಎಂಜಿನ್ನಿನ ವೇಗವನ್ನು ಆಳುವುದು ಗಾಳಿ. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆಕ್ಸಿಲರೇಟರನ್ನು ಒತ್ತಿದಾಗ ತೆರೆಯುವುದು ಗಾಳಿಯ ಬಾಗಿಲಾದ ಥ್ರಾಟಲ್ ಕವಾಟ. ಪೆಟ್ರೋಲ್ ಅದನ್ನು ಹಿಂಬಾಲಿಸುತ್ತದೆ. ಕಾಲನ್ನು ತೆಗೆದಾಗ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ನುಗಳು ಮಾತ್ರ ಗಾಳಿಯನ್ನು ಸೆಳೆಯುತ್ತಲೇ ಇರುತ್ತವೆ. ಆದುದರಿಂದ ಕವಾಟದ ಆಚೆಗಿನ ನಳಿಕೆಯಲ್ಲಿ, ಎಂದರೆ ಮ್ಯಾನಿಫೋಲ್ಡಿನಲ್ಲಿ, ಒತ್ತಡವು ವಾತಾವರಣದ ಒತ್ತಡದ ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಲೀಟರ್ ಗಾತ್ರದ ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಒಂದು ಲೀಟರನ್ನು ಒಳಸೆಳೆಯುತ್ತದೆ. 800 ಸುತ್ತಿಗೆ 400 ಲೀಟರ್ ಆಯಿತು. ಆದರೆ ಇದು ಮೂರನೆಯ ಒಂದು ಪಾಲು ಒತ್ತಡದ ತೆಳುಗಾಳಿ. ಹೊರಗಿನ ಗಾಳಿಯ ಲೆಕ್ಕದಲ್ಲಿ ಇದು ಮಿನಿಟಿಗೆ ಹೆಚ್ಚೆಂದರೆ 130 ಲೀಟರ್.

ಈ ನಳಿಕೆಗೆ ಸೇರಿದ ಒಂದು ರಬ್ಬರ್ ಕೊಳವೆಯಲ್ಲಿ 4 ಮಿಲಿಮೀಟರ್ ಅಗಲದ ರಂಧ್ರವೊಂದು ಬಿದ್ದಿತೆನ್ನಿ. ಒಳಗಿನ ಒತ್ತಡವು ಹೊರಗಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಮಿತಿಗಿಂತ ಕೆಳಗಿಳಿದಾಗ ಗಾಳಿಯು ರಂಧ್ರದಲ್ಲಿ ಶಬ್ದದ ವೇಗದಿಂದ ನುಗ್ಗುತ್ತದೆ. ಈ ಪುಟ್ಟ ರಂಧ್ರವೊಂದೇ ಮಿನಿಟಿಗೆ ಸುಮಾರು 100 ಲೀಟರ್ ಗಾಳಿಯನ್ನು ಒಳಬಿಡಬಲ್ಲದು! ಎಂಜಿನ್ ಓಡತೊಡಗಿದ್ದರಲ್ಲಿ ಆಶ್ಚರ್ಯವೇನಿದೆ? ನಳಿಕೆಯ ಒತ್ತಡವನ್ನು ಅಳೆದು ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಷನ್ ಕಾರುಗಳಲ್ಲಿ, ಒತ್ತಡವು ಏರಿದುದನ್ನು ಕಂಡ ಗಣಕವು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಒದಗಿಸಿಬಿಡುತ್ತದೆ.

ಇನ್ನು ಪರೀಕ್ಷೆಗೆ ತೊಡಗೋಣ. ಕಾರು ಸಮತಟ್ಟಾದ ಬಯಲಿನಲ್ಲಿರಲಿ, ಕೈಬ್ರೇಕ್ ಹಾಕಿರಲಿ. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ವಿಷವಾದೀತು. ಪಂಚೆಯ ಅಂಚು, ಸೆರಗು, ಜಡೆ ಫ್ಯಾನಿನ ಹತ್ತಿರ ಸುಳಿಯಬಾರದು.

ಮೊದಲನೆಯದಾಗಿ, ಎಂಜಿನ್ ಬಿಸಿಯಾಗುವವರೆಗೆ ಕಾಯಬೇಕು. ತಣ್ಣಗಿರುವ ಎಂಜಿನ್ ಕೆಲವು ಮಿನಿಟು 1200ರಿಂದ 1500 ಸುತ್ತು ತಿರುಗುವುದು ದೋಷವಲ್ಲ. ಬಿಸಿಯಾದ ಮೇಲೂ ವೇಗ ಇಳಿಯದಿದ್ದರೆ ಉಷ್ಣತೆಯನ್ನು ತಿಳಿಸುವ ಸಂವೇದಕವನ್ನು ಶಂಕಿಸಬಹುದು. ಬಿಸಿಯೇರಿದಂತೆ ಅದರ ವಿದ್ಯುತ್ ರೋಧ ಕಡಮೆಯಾಗಬೇಕು. ಹಾಗಾಗದಿದ್ದರೆ ಗಣಕವು ಎಂಜಿನ್ ಇನ್ನೂ ತಣ್ಣಗಿದೆಯೆಂದೇ ತಿಳಿಯುತ್ತದೆ.

ಎರಡನೆಯದಾಗಿ, ಎಂಜಿನ್ ಆರಿಸಿ ಥ್ರಾಟಲ್ ಕವಾಟವನ್ನು ನೋಡಬೇಕು. ಅದರ ತಂತಿ ಬಿಗಿದಿದೆಯೆ? ಪೆಡಲಿನಡಿ ನೆಲಹಾಸು ಸಿಕ್ಕಿಕೊಂಡಿದೆಯೆ? ಮಸಿ ಕಟ್ಟಿ ಕವಾಟ ಪೂರ್ತಿ ಮುಚ್ಚದಂತಾಗಿದೆಯೆ? ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, 1983ರಲ್ಲಿ ಬಂದ ಮಾರುತಿ 800ರ ಹಳೆಯ ಮಾದರಿಗಳು, ಇಂತಹ ಕಾರ್ಬ್ಯುರೇಟರ್ ಕಾರುಗಳಲ್ಲಿ ಚೋಕ್ ಸಿಕ್ಕಿಕೊಂಡಿದ್ದರೂ ಇದೇ ತೊಂದರೆ ಕಾಣುತ್ತದೆ.

ಮೂರನೆಯದಾಗಿ, ರಂಧ್ರವನ್ನು ಹುಡುಕಬೇಕು. ನಳಿಕೆಗೆ ಸೇರಿದ ಕೊಳವೆಗಳ ಬಳಿ ‘ಸುಸ್’ ಎಂಬ ಸದ್ದಿಗೆ ಕಿವಿಗೊಡಿ. ವಿದ್ಯುತ್ ಭಾಗಗಳಿಗೆ ತಾಗದಂತೆ ಕೀಲುಗಳ ಮೇಲೆ ಸ್ವಲ್ಪ ಸಾಬೂನು ನೀರನ್ನು ಸವರಿ. ಎಂಜಿನ್ನಿನ ಸದ್ದು ಒಡನೆ ಬದಲಾದರೆ ಗಾಳಿ ಸೋರುವ ಸ್ಥಳ ಸಿಕ್ಕಿತೆಂದೇ ತಿಳಿಯಬಹುದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲನ್ನಾಗಲಿ ಬೇರೆ ಉರಿಯುವ ದ್ರವವನ್ನಾಗಲಿ ಸಿಂಪಡಿಸಲೇಬಾರದು. ಬಿರುಕುಬಿಟ್ಟ ಕೊಳವೆಗೆ ಬಟ್ಟೆ ಸುತ್ತುವುದು ಪರಿಹಾರವಲ್ಲ, ಹೊಸದನ್ನು ಹಾಕಬೇಕು.

ಈ ಕೊಳವೆಗಳಲ್ಲಿ ಒಂದು ಇತರ ಎಲ್ಲವುಗಳಿಗಿಂತ ಮುಖ್ಯವಾದುದು. ಅದು ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಕೊಳವೆ. ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ನಮ್ಮ ಕಾಲಿನ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸುವ ಈ ಸಾಧನ, ಮ್ಯಾನಿಫೋಲ್ಡಿನ ಕಡಮೆ ಒತ್ತಡವನ್ನೇ ನಂಬಿದೆ. ಇದರಲ್ಲಿ ಸೋರಿಕೆಯಾದರೆ ಎಂಜಿನ್ನಿನ ವೇಗವೂ ಏರಬಹುದು, ಬ್ರೇಕಿನ ಬಲವೂ ಕುಗ್ಗಬಹುದು. ಇದನ್ನು ಪರೀಕ್ಷಿಸುವುದು ಸುಲಭ. ಎಂಜಿನ್ ಆರಿಸಿ ಬ್ರೇಕ್ ಪೆಡಲನ್ನು ನಾಲ್ಕೈದು ಬಾರಿ ಒತ್ತಿರಿ, ಅದು ಗಟ್ಟಿಯಾಗುತ್ತದೆ. ಹಾಗೆಯೇ ಒತ್ತಿಹಿಡಿದು ಎಂಜಿನ್ ಚಾಲೂ ಮಾಡಿ. ಪೆಡಲು ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಆ ಕಾರನ್ನು ಇಳಿಜಾರಿನಲ್ಲಿ ಓಡಿಸಬಾರದು. ನುರಿತ ಮೆಕ್ಯಾನಿಕರನ್ನು ಅಲ್ಲಿಗೇ ಕರೆಸಬೇಕು.

ಸ್ಕ್ರೂವಿನ ಸಲಹೆಯ ಅಪಾಯ ಈಗ ಸ್ಪಷ್ಟವಾಯಿತಲ್ಲವೆ? ಸ್ಕ್ರೂ ತಿರುಗಿಸಿ ಥ್ರಾಟಲ್ ಕವಾಟವನ್ನು ಇನ್ನಷ್ಟು ಮುಚ್ಚಿದರೆ ಭೋರ್ಗರೆತ ನಿಲ್ಲಬಹುದು; ರಂಧ್ರ ಮುಚ್ಚುವುದಿಲ್ಲ. ಬ್ರೇಕಿನ ದೋಷವನ್ನು ಸಾರುತ್ತಿದ್ದ ಏಕಮಾತ್ರ ಸದ್ದನ್ನು ನಾವೇ ಅಡಗಿಸಿದಂತಾಗುತ್ತದೆ. ಇಂಜೆಕ್ಷನ್ ಕಾರುಗಳಲ್ಲಂತೂ ಆ ಸ್ಕ್ರೂವನ್ನು ಮುಟ್ಟದಿರುವುದೇ ಸರಿ. ಕಾರಣವನ್ನು ನಿವಾರಿಸಿದ ಮೇಲೆ ವೇಗವು ತಾನಾಗಿಯೇ ಇಳಿಯಬೇಕು. ರೋಗಿಯ ಜ್ವರಕ್ಕೆ ಮದ್ದು ಹುಡುಕದೆ ಉಷ್ಣತಾಮಾಪಕವನ್ನು ತಿದ್ದುವ ವೈದ್ಯನನ್ನು ನಾವು ಒಪ್ಪುವುದಿಲ್ಲ. ಯಂತ್ರದ ವಿಷಯದಲ್ಲಿಯೂ ಒಪ್ಪಬಾರದು.